ಮಂಗಟ್ಟೆಯ ಕೊಕ್ಕು

ಈ ಭಾನುವಾರ ಬೆಳಿಗ್ಗೆ ನಮ್ಮ ಕ್ಯಾಂಪರ್ ವ್ಯಾನನ್ನು ತೊಳೆಯುತ್ತಿದ್ದಾಗ, ಅದರ ಬಲಬದಿಯಲ್ಲಿ ಅಂಟಿಸಿರುವ ಮಂಗಟ್ಟೆ ಹಕ್ಕಿಯ ಸ್ಟಿಕ್ಕರಿನ ಕೊಕ್ಕು ಬೆರಳಗಲ ಮೇಲೆದ್ದಿರುವುದು ಕಣ್ಣಿಗೆ ಬಿತ್ತು. ತಪ್ಪು ನನ್ನದೇ. ಸಕಲೇಶಪುರದ ಕೆಸರನ್ನು ಕಳೆಯುವ ಆತುರದಲ್ಲಿ ಪ್ರೆಶರ್ ವಾಷರಿನ ಮೂತಿಯನ್ನು ಅಂಚಿಗೆ ತೀರಾ ಹತ್ತಿರ, ಅದೂ ಓರೆಯಾಗಿ ಹಿಡಿದಿದ್ದೆ. ನೀರು ಅಡಿಗೆ ನುಗ್ಗಿದ ಮೇಲೆ ಅಂಟು ಉಳಿಯುವುದಾದರೂ ಹೇಗೆ?

ಬೆಂಗಳೂರಿನ ಹವೆ ಹಿತವೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಅತಿನೇರಳೆ ಕಿರಣಗಳು ಆ ತಂಪನ್ನು ಲೆಕ್ಕಿಸದೆ ಸ್ಟಿಕ್ಕರಿನ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆಯ ಬಣ್ಣವನ್ನು ಹೀರುತ್ತವೆ. ಹಾಳೆಯನ್ನು ಮೆದುವಾಗಿಟ್ಟಿರುವ ರಾಸಾಯನಿಕವೂ ವರ್ಷಗಳು ಕಳೆದಂತೆ ಹೊರಟುಹೋಗಿ, ಅದು ಕುಗ್ಗಿ ಬಿರುಕು ಬಿಡುತ್ತದೆ. ಬಿಸಿಲಿಗೆ ನೇರವಾಗಿ ಮೈಯೊಡ್ಡಿದ ಬಾನೆಟ್ಟಿನ ಪಟ್ಟೆ ಮೊದಲು ಸೋತಿದೆ. ನೆರಳೆಂದು ಹೊಂಗೆ ಮರದಡಿ ನಿಲ್ಲಿಸಿದರೆ ಹಕ್ಕಿಗಳ ಹಿಕ್ಕೆಯ ಕಾಟ (ಮಂಗಟ್ಟೆಯ ಮೇಲೆ ಕಾಗೆಯ ಸೇಡೋ ಏನೋ). ಅದನ್ನು ಕೆರೆಯದೆ ನೆನೆಸಿ ಒರೆಸಬೇಕು.

ಈಗ ಬಕೆಟ್ಟು, ಸೌಮ್ಯವಾದ ಕಾರ್ ಶಾಂಪೂ ಮತ್ತು ಮೆತ್ತನೆಯ ಬಟ್ಟೆಗೆ ಮರಳಿದ್ದೇನೆ. ಒರೆಸುವ ಕೈ ಚಿತ್ರದ ನಡುವಿನಿಂದ ಅಂಚಿನತ್ತ ಸಾಗಬೇಕೇ ಹೊರತು ಅಂಚಿನಿಂದ ಒಳಕ್ಕಲ್ಲ. ಪೆಟ್ರೋಲು, ಥಿನ್ನರುಗಳನ್ನು ಹತ್ತಿರವೂ ತರುವುದಿಲ್ಲ.

ಕೊಕ್ಕನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಒತ್ತಿ ನೋಡಿದೆ. ಅಂಟಿನಲ್ಲಿ ಆಗಲೇ ಧೂಳು ಸೇರಿದ್ದರಿಂದ ಅದು ನಿಲ್ಲಲಿಲ್ಲ. ಕೊನೆಗೆ ಜೆ.ಸಿ. ರಸ್ತೆಯ ಸ್ಟಿಕ್ಕರ್ ಅಂಗಡಿಯಲ್ಲಿ ಕೊಕ್ಕೊಂದನ್ನೇ ಹೊಸದಾಗಿ ಕತ್ತರಿಸಿ ಹಾಕಿಸಿದೆ. ಮಾಸಿದ ಮೈಯ ಹಕ್ಕಿಗೆ ಈಗ ಎಳೆಯ ಹಳದಿ ಕೊಕ್ಕು.