ಮಗಳ ಬಾತು, ನನ್ನ ತೆಂಗಿನಕಾಯಿ

ನಮ್ಮೂರು ಕೊಡಗು. ಅಮೆರಿಕದ ಮಿನ್ನೆಸೋಟದ ನಮ್ಮ ಆಫೀಸಿನಲ್ಲಿ ನಾನು ದೊಡ್ಡ ಬೇಟೆಗಾರ ಅಂತ ಹೆಸರಾಗೋಕೆ ಇಷ್ಟೇ ಸಾಕಾಯ್ತು. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು, ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಗುಂಡು, ನಮ್ಮ ಆಯುಧದ ಹಬ್ಬ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ, ಇದನ್ನೆಲ್ಲ ಊಟದ ಹೊತ್ತಿಗೆ ನಾನೇ ಹೇಳಿಕೊಂಡು ತಿರುಗಿದ್ದೆ. ನೀನು ಏನು ಹೊಡೆದಿದ್ದೀಯಾ ಅಂತ ಯಾರೂ ಕೇಳಲಿಲ್ಲ. ನಾನೂ ಸುಮ್ನೆ ಇದ್ದೆ.

ಮಗಳಿಗೆ 12 ವರ್ಷ. ಕಳೆದ ವರ್ಷವೇ ಬಂದೂಕು ಸುರಕ್ಷತೆಯ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಿದ್ದಳು. ಇಲ್ಲಿ ಸೆಪ್ಟೆಂಬರಿನಲ್ಲಿ ದೊಡ್ಡವರ ಸೀಸನ್ ಶುರುವಾಗೋ ಮೊದಲೇ ಒಂದು ವಾರಾಂತ್ಯ ಬಾತು ಬೇಟೆ ಮಕ್ಕಳಿಗೆ ಮಾತ್ರ. ಜೊತೆಗೆ ದೊಡ್ಡವರೊಬ್ಬರು ಇರಬೇಕು, ಆದರೆ ಅವರು ಗುಂಡು ಹಾರಿಸೋ ಹಾಗಿಲ್ಲ. ಆ ನಿಯಮ ಓದಿ ನನಗೆ ಎಷ್ಟು ಸಮಾಧಾನವಾಯ್ತು ಅಂತ ಈಗ ಹೇಳಬಹುದು.

ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ. ನಮ್ಮನೆಯಲ್ಲಿ ಕೋವಿ ಇಲ್ಲ, ಹಾಗಾಗಿ ಅಡುಗೆಮನೆ ಚಾಕು, ಸ್ಕ್ರೂಡ್ರೈವರ್, ಹಿಮ ಎತ್ತೋ ಸಲಿಕೆಗೆಲ್ಲ ಕುಂಕುಮ ಹಚ್ಚಿದೆವು. ಅದಾದ ಮೇಲಿನ ಶನಿವಾರಕ್ಕೆ ಹೊರಟಿದ್ದು. ಆಫೀಸಿನ ಗೆಳೆಯನೊಬ್ಬ ತನ್ನ ಮಗ, ಲ್ಯಾಬ್ರಡಾರ್ ನಾಯಿ, ಒಂದು ದೋಣಿ ಎಲ್ಲ ಸೇರಿಸಿಕೊಂಡು ಮುಂದೆ ಹೊರಟ, ನಾವು ಹಿಂದೆ. ಹಿಂದಿನ ರಾತ್ರಿಯೇ ಫರ್ಗಸ್ ಫಾಲ್ಸ್ ಅನ್ನೋ ಊರಿನ ಕಡೆ ಹೋಗಿ ಮೋಟೆಲಿನಲ್ಲಿ ಉಳಿದು, ನಾಲ್ಕಕ್ಕೆ ಎದ್ದು, ಕತ್ತಲಲ್ಲೇ ಜೌಗಿಗೆ ಇಳಿದೆವು. ಮೊಣಕಾಲುದ್ದ ಕೆಸರು. ನಮ್ಮೂರಿನ ಗದ್ದೆಯ ಕೆಸರಿನ ವಾಸನೆಯೇ, ಬರೀ ತಣ್ಣಗೆ.

ಆ ಜೌಗು ಯಾರಪ್ಪನ ಆಸ್ತಿಯೂ ಅಲ್ಲ, ಸಾರ್ವಜನಿಕರದ್ದು. ಗೆಳೆಯ ಪರ್ಸ್ ತೆಗೆದು ಟಾರ್ಚ್ ಬೆಳಕಲ್ಲಿ ಒಂದು ಅಂಚೆಚೀಟಿಯಂಥದ್ದನ್ನ ತೋರಿಸಿದ. ಬಾತಿನ ಚಿತ್ರ, ಅದರ ಮೇಲೆ ಅಡ್ಡಡ್ಡ ಅವನ ಸಹಿ. 1934ರಿಂದ ನಡೆದು ಬಂದಿದೆ, ಈಗ 25 ಡಾಲರ್. 16 ತುಂಬಿದವರು ನೀರುಹಕ್ಕಿ ಬೇಟೆಗೆ ಇದನ್ನ ಕೊಳ್ಳಲೇಬೇಕು, ಆ ದುಡ್ಡಿನಲ್ಲಿ ಸರ್ಕಾರ ಇಂಥ ಜೌಗುಗಳನ್ನ ಕೊಂಡು ಉಳಿಸುತ್ತದೆ. ಹಕ್ಕಿ ಹೊಡೆಯೋರ ದುಡ್ಡಲ್ಲೇ ಹಕ್ಕಿಗೆ ಮನೆ. ನನಗೆ ಇದು ಇವತ್ತಿಗೂ ಪೂರ್ತಿ ಜೀರ್ಣವಾಗಿಲ್ಲ. ಆದರೆ ಜೌಗು ಮಾತ್ರ ಕಣ್ಣೆದುರಿಗೇ ಇತ್ತು.

ಹಾರೋ ಬಾತುಗಳನ್ನ ಸೆಳೆಯೋಕೆ ಪ್ಲಾಸ್ಟಿಕ್ ಬಾತುಗಳನ್ನ ನೀರಿಗೆ ಬಿಟ್ಟು ಜೊಂಡಿನಲ್ಲಿ ಬಕೆಟ್ ಮಗುಚಿ ಕೂತೆವು. ಗೆಳೆಯನ 20 ಗೇಜಿನ ಕೋವಿ ಮಗಳ ಕೈಯಲ್ಲಿ. ಮೂರು ತೋಟೆಗಿಂತ ಜಾಸ್ತಿ ತುಂಬೋ ಹಾಗಿಲ್ಲ, ಸೀಸದ ಚರೆ ಇಲ್ಲ, ಉಕ್ಕಿನಂಥ ವಿಷವಿಲ್ಲದ್ದೇ ಬೇಕು ಅಂತ ನನಗೇ ಪಾಠ ಮಾಡಿದಳು. ಬಾತುಗಳು ಮೇವು ಅರೆಯೋಕೆ ಕೆಸರಿನ ಹರಳು ನುಂಗುತ್ತವೆ, ಅದರ ಜೊತೆ ಸೀಸದ ಚರೆಯೂ ಹೊಟ್ಟೆಗೆ ಹೋಗಿ ವಿಷವಾಗಿ ಸಾಯುತ್ತಿದ್ದವಂತೆ. 1991ರಿಂದ ನೀರುಹಕ್ಕಿ ಬೇಟೆಗೆ ಸೀಸ ದೇಶದಲ್ಲೆಲ್ಲೂ ಇಲ್ಲ.

ಸೂರ್ಯ ಹುಟ್ಟೋ ಅರ್ಧ ಗಂಟೆ ಮೊದಲು ಶುರು ಮಾಡಬಹುದು. ಅದಕ್ಕೂ ಮುಂಚೆ ಏಳೆಂಟು ಬಾತು ಬಂದು ನಮ್ಮ ಪ್ಲಾಸ್ಟಿಕ್ ಬಾತುಗಳ ಮಧ್ಯವೇ ಇಳಿದವು. ನನ್ನ ಎದೆ ಡವಡವ. ಅವಳು ಗಡಿಯಾರ ನೋಡಿ, "ಇನ್ನೂ ನಾಲ್ಕು ನಿಮಿಷ ಇದೆ" ಅಂದಳು. ಮೂರನೇ ನಿಮಿಷಕ್ಕೆ ಅವೆಲ್ಲ ಹಾರಿ ಹೋದವು.

ಕಾಯೋ ಹೊತ್ತಲ್ಲಿ ಆ ಪ್ರಶ್ನೆ ಬಂತು.

"ಅಪ್ಪಾ, ನೀನು ಚಿಕ್ಕವನಿದ್ದಾಗ ಎಷ್ಟು ಬಾತು ಹೊಡೆದಿದ್ದೆ?"

ಪಕ್ಕದಲ್ಲಿ ಗೆಳೆಯ. ಅವನಿಗೆ ಕನ್ನಡ ಬರಲ್ಲ, ಪುಣ್ಯ. "ಒಂದೂ ಇಲ್ಲ ಕಣೆ. 1972ರಲ್ಲೇ ನಮ್ಮಲ್ಲಿ ವನ್ಯಜೀವಿ ಕಾನೂನು ಬಂತು. ನಾನು ಕೋವಿ ಹಿಡಿಯೋ ಹೊತ್ತಿಗೆ ಬೇಟೆ ನಿಂತು ಹೋಗಿತ್ತು."

"ಮತ್ತೆ ಕೋವಿಯಲ್ಲಿ ಏನು ಹೊಡೀತಿದ್ದೆ?"

"ತೆಂಗಿನಕಾಯಿ."

ಕೈಲ್ ಮುಹೂರ್ತದ ದಿನ ಮರಕ್ಕೆ ಕಾಯಿ ಕಟ್ಟಿ ಗುರಿ ಇಡೋ ಸ್ಪರ್ಧೆ ನಡೆಯುತ್ತದೆ ಅಂತ ವಿವರಿಸಿದೆ. ಕಾಯಿ ಬಿತ್ತಾ ಅಂತ ಅವಳು ಕೇಳಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು, ಬಕೆಟ್ ಅಲ್ಲಾಡೋ ಹಾಗೆ ನಕ್ಕಳು.

ಪುಸ್ತಕದಲ್ಲಿ ಮಲ್ಲಾರ್ಡ್ ಅನ್ನೋ ಬಾತಿನ ಗಂಡಿಗೆ ಹೊಳೆಯೋ ಹಸಿರು ತಲೆ. ಸೆಪ್ಟೆಂಬರಿನಲ್ಲಿ ಅದು ಹಳೇ ಗರಿ ಕಳಚಿಕೊಂಡು ಹೆಣ್ಣಿನ ಹಾಗೇ ಕಂದಾಗಿರುತ್ತದೆ, ಹೊಸ ಬಣ್ಣ ಇನ್ನೂ ಬಂದಿರಲ್ಲ. ಹಾಗಾಗಿ ಬಂದವೆಲ್ಲ ಕಂದು ಬಾತುಗಳೇ. ಮೊದಲೆರಡು ಗುಂಪಿಗೆ ಆರು ತೋಟೆ ಖಾಲಿ, ಒಂದು ಗರಿಯೂ ಬೀಳಲಿಲ್ಲ. ಎಂಟು ಗಂಟೆ ಸುಮಾರಿಗೆ ನಾಲ್ಕು ಸಣ್ಣ ಬಾತು ಎಡದಿಂದ ನೀರಿಗೆ ತಾಗಿದ ಹಾಗೆ ಬಂದವು. ತಿರುಗಿದಾಗ ರೆಕ್ಕೆ ಮೇಲೆ ತಿಳಿನೀಲಿ ಕಂಡಿತು. ಬ್ಲೂ ವಿಂಗ್ಡ್ ಟೀಲ್. ಒಂದೇ ಗುಂಡು. ಕೊನೆಯದು ಓರೆಯಾಗಿ ಆಚೆ ಜೊಂಡಿಗೆ ಬಿತ್ತು.

ಬಿದ್ದಿತು, ಸತ್ತಿರಲಿಲ್ಲ. ಗೆಳೆಯ ನಾಯಿ ಬಿಟ್ಟ. ಮಗಳು ಕೋವಿಯ ತೋಟೆ ತೆಗೆದು ಬದಿಗಿಟ್ಟು ಎದ್ದು ನಿಂತಳು, ಜೊಂಡಿನ ಒಂದು ಮುರಿದ ದಂಟಿನ ಮೇಲೆ ಕಣ್ಣಿಟ್ಟವಳು ಅಲ್ಲಾಡಲೇ ಇಲ್ಲ. ಬಿದ್ದ ಜಾಗದಿಂದ ಕಣ್ಣು ತೆಗೆಯಬೇಡ ಅಂತ ತರಗತಿಯಲ್ಲಿ ಹೇಳಿಕೊಟ್ಟಿದ್ದರಂತೆ. ನಾಯಿ ಎರಡು ಸಲ ಬರಿಬಾಯಲ್ಲಿ ವಾಪಸ್ ಬಂತು. ಬಿಡು, ಸಿಗಲ್ಲ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಅವಳು ಕೈ ಚಾಚಿ, "ಅಲ್ಲೇ, ಅಲ್ಲೇ" ಅಂತ ಅಳುತ್ತಲೇ ಹೇಳುತ್ತಿದ್ದಳು. ಮುಕ್ಕಾಲು ಗಂಟೆ. ಮೂರನೇ ಸಲ ನಾಯಿ ಬಾತನ್ನ ಕಚ್ಚಿಕೊಂಡು ಬಂತು. ಅದು ಇನ್ನೂ ಕಣ್ಣು ಬಿಡುತ್ತಿತ್ತು.

ಗೆಳೆಯ ಅದನ್ನ ನನ್ನ ಕಡೆ ಚಾಚಿದ. ಕೋವಿಗೆ ಪೂಜೆ ಮಾಡೋ ಮನೆಯವನು ಅಲ್ವಾ. ನನ್ನ ಕೈ ಮುಂದೆ ಹೋಗಲಿಲ್ಲ. ಅವನು ಒಂದು ಗಳಿಗೆ ಕಾದು, ಏನೂ ಹೇಳದೆ, ತಾನೇ ಅದರ ಕತ್ತು ತಿರುಚಿದ. ಮಗಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ಬಾತನ್ನ ತೊಡೆ ಮೇಲಿಟ್ಟುಕೊಂಡು ಕೊಕ್ಕಿನ ಕೆಸರು ಒರೆಸಿದಳು.

ಮನೆಗೆ ಒಯ್ಯೋ ತನಕ ಗರಿ ಸಮೇತ ಒಂದು ರೆಕ್ಕೆಯನ್ನಾದರೂ ಉಳಿಸಬೇಕು, ಯಾವ ಜಾತಿ ಅಂತ ತಪಾಸಣೆಯವರಿಗೆ ಗೊತ್ತಾಗಬೇಕಲ್ಲ. ನಾವು ಹಾಗೇ ಇಡೀ ಬಾತನ್ನೇ ತಂದೆವು. ಮೂರು ಗಂಟೆಯ ದಾರಿಯಲ್ಲಿ ಅವಳು ನಿದ್ದೆ ಮಾಡಲಿಲ್ಲ, ರೆಕ್ಕೆ ಬಿಚ್ಚಿ ಮುಚ್ಚಿ ನೋಡುತ್ತಿದ್ದಳು. ಮಣ್ಣಿನ ಬಣ್ಣದ ಮೈಯಲ್ಲಿ ಆ ನೀಲಿ ಎಲ್ಲಿಂದಲೋ ತಂದು ಅಂಟಿಸಿದ ಹಾಗಿತ್ತು.

ಅರ್ಧ ಕೆಜಿಯೂ ತೂಗದ ಹಕ್ಕಿ. ಪುಕ್ಕ ಕೀಳೋಕೆ ಒಂದು ಗಂಟೆ. ನಮ್ಮ ಹಂದಿ ಸಾರು ಪಂದಿ ಕರಿಯ ಮಸಾಲೆ, ಊರಿಂದ ತಂದ ಕಪ್ಪು ಹುಳಿ ಕಾಚಂಪುಳಿ ಹಾಕಿ ಮಾಡಿದೆ. ಮೂವರಿಗೆ ಎರಡೆರಡು ತುಂಡು ಬಂತು. ಮಗಳು ತನ್ನ ಪಾಲು ಮೂಳೆ ತನಕ ತಿಂದಳು, ಅದೂ ಮಾತಾಡದೆ.

ರಾತ್ರಿ ಊರಿಗೆ ವಿಡಿಯೋ ಕಾಲ್. ನಮ್ಮಪ್ಪ ಆಗಷ್ಟೇ ಎದ್ದು ಕಾಫಿ ಹಿಡಿದು ಜಗಲಿಯಲ್ಲಿ ಕೂತಿದ್ದರು. ಮೊಮ್ಮಗಳು ರೆಕ್ಕೆ ತೋರಿಸಿದಳು.

"ತೋಟೆ ಎಷ್ಟು ಖರ್ಚಾಯ್ತು ಮಗಳೇ?"

"ಏಳು, ಅಜ್ಜಾ."

ಕಾಫಿ ಒಂದು ಗುಟುಕು ಕುಡಿದರು. "ಪರವಾಗಿಲ್ಲ. ನಿನ್ನಪ್ಪ ಒಂದು ಡಬ್ಬಿ ತೋಟೆ ಖಾಲಿ ಮಾಡಿದ್ದ. ಕಾಯಿ ಇನ್ನೂ ಮರದಲ್ಲೇ ಇತ್ತು."