ಮೇಡಂ ಒಪ್ಪದ ಉತ್ತರ

ನಮಗೆ ಇತಿಹಾಸ ಹೇಳಿಕೊಟ್ಟ ಮೇಡಂ ಒಂದು ಉತ್ತರವನ್ನು ಮಾತ್ರ ಯಾವತ್ತೂ ಒಪ್ಪುತ್ತಿರಲಿಲ್ಲ. ಇಸವಿ ತಪ್ಪಾದರೆ ತಿದ್ದುತ್ತಿದ್ದರು. ಹೆಸರು ಮರೆತರೆ ತಾವೇ ನೆನಪಿಸುತ್ತಿದ್ದರು. ಆದರೆ ‘ಆಗ ಜನಕ್ಕೆ ಹುಚ್ಚು ಹಿಡಿದಿತ್ತು’ ಎಂದು ಯಾರಾದರೂ ಬರೆದರೆ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಯಾಕೆ?’ ಎಂದು ಬರೆಯುತ್ತಿದ್ದರು. ಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ಹಾಗೇ, ತರಗತಿಯ ಚರ್ಚೆಯಲ್ಲೂ ಹಾಗೇ.

ಕಾಲೇಜಿನ ಸಂಚಿಕೆಗೆ ನೆನಪು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಬೇರೆ ಎಷ್ಟೋ ವಿಷಯಗಳು ಹೊಳೆದವು. ವಾರ್ಷಿಕೋತ್ಸವ, ಚರ್ಚಾಸ್ಪರ್ಧೆ, ಗೆಳೆಯರು, ಗ್ರಂಥಾಲಯದ ಉದ್ದನೆಯ ಮೇಜು. ಅವು ಎಲ್ಲರಿಗೂ ಇರುವ ನೆನಪುಗಳು. ನನಗೆ ಬರೆಯಬೇಕೆನಿಸಿದ್ದು ಆ ‘ಯಾಕೆ’ ಬಗ್ಗೆ. ಓದು ಮುಗಿಸಿ ಸುದ್ದಿಮನೆ ಸೇರಿದ ಮೇಲೆ ನನಗೆ ದಿನವೂ ಬಳಕೆಗೆ ಬಂದದ್ದು ಅದೇ.

ಫ್ರಾನ್ಸಿನ ಕ್ರಾಂತಿಯ ಪಾಠ ಇಂದಿಗೂ ಚೆನ್ನಾಗಿ ನೆನಪಿದೆ. ಪಠ್ಯದಲ್ಲಿ 1789ರ ಜುಲೈ 14ಕ್ಕೆ, ಪ್ಯಾರಿಸ್ಸಿನ ಜನ ಸೆರೆಮನೆಯಾಗಿದ್ದ ಬಾಸ್ಟಿಲ್ ಕೋಟೆಗೆ ನುಗ್ಗಿದ ದಿನಕ್ಕೆ, ಜಾಸ್ತಿ ಜಾಗ ಇತ್ತು. ಆ ದಿನ ಕೋಟೆಯೊಳಗಿದ್ದ ಕೈದಿಗಳು ಏಳೇ ಜನ ಎಂದು ಹೇಳಿ ಮೇಡಂ ಅದನ್ನು ಬೇಗ ಮುಗಿಸಿದರು. ಅವರ ಮನಸ್ಸಿದ್ದದ್ದು ಅದರ ಮುಂದಿನ ಮೂರು ವಾರಗಳ ಮೇಲೆ. ಜುಲೈ 20ರ ಸುಮಾರಿಗೆ ಫ್ರಾನ್ಸಿನ ಹಳ್ಳಿಗಳಲ್ಲಿ ಒಂದು ಗಾಳಿಸುದ್ದಿ ಎದ್ದಿತು. ದರೋಡೆಕೋರರ ದಂಡು ಬರುತ್ತಿದೆ, ಹೊಲದಲ್ಲಿ ನಿಂತ ಪೈರನ್ನು ಹಾಳುಮಾಡುತ್ತದೆ, ಅದನ್ನು ದುಡ್ಡು ಕೊಟ್ಟು ಕಳಿಸಿದವರು ಪ್ರಭುಗಳೇ ಎಂದು. ಇತಿಹಾಸಕಾರರು ಇದನ್ನು ‘ಮಹಾಭೀತಿ’ ಎಂದು ಕರೆಯುತ್ತಾರೆ. ಚರ್ಚಿನ ಗಂಟೆ ಬಾರಿಸಿ ಜನ ಸೇರಿದರು. ಕುಡುಗೋಲೋ ಬಂದೂಕೋ, ಕೈಗೆ ಸಿಕ್ಕಿದ್ದನ್ನು ಹಿಡಿದು ಊರು ಕಾಯಲು ನಿಂತರು. ಯಾರೂ ಬರಲಿಲ್ಲ. ಅಂಥ ದಂಡೇ ಇರಲಿಲ್ಲ.

‘ಇದು ಹುಚ್ಚೇ ಅಲ್ವಾ ಮೇಡಂ?’ ಎಂದು ಒಬ್ಬ ಸಹಪಾಠಿ ಕೇಳಿದ. ಮೇಡಂ ಅವನನ್ನು ಗದರಲಿಲ್ಲ. ‘ನೀನು ಆ ಹಳ್ಳಿಯವನು ಅಂದ್ಕೋ. ನಿನಗೆ ಏನೇನು ಗೊತ್ತಿದೆ, ಹೇಳು’ ಎಂದರು. ಒಂದೊಂದಾಗಿ ಅವರೇ ಬಿಡಿಸಿದರು. 1788ರಲ್ಲಿ ಬರ, ಆಲಿಕಲ್ಲು ಮಳೆ ಎರಡೂ ಬಿದ್ದು ಬೆಳೆ ಕೆಟ್ಟಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಬ್ರೆಡ್ಡಿನ ಬೆಲೆ ಏರಿತ್ತು. ಕೆಲಸವಿಲ್ಲದವರು ಗುಂಪು ಗುಂಪಾಗಿ ಅಲೆಯುತ್ತಿದ್ದರು. ಅಪರಿಚಿತರು ಊರಿಗೆ ಬರುವುದು ಸುಳ್ಳೇನೂ ಆಗಿರಲಿಲ್ಲ. ಹೊಸ ಬೆಳೆ ಹೊಲದಲ್ಲಿತ್ತು, ಅದು ಹೋದರೆ ಇನ್ನೊಂದು ವರ್ಷ ಉಪವಾಸ. ಅದೇ ವರ್ಷ ರಾಜ ಕರೆದ ಮಹಾಸಭೆಗೆ ರೈತರು ತಮ್ಮ ದೂರುಗಳನ್ನು ಪಟ್ಟಿ ಮಾಡಿ ಕಳಿಸಿದ್ದರು. ತಲೆತಲಾಂತರದಿಂದ ತೆರಿಗೆ, ಬಿಟ್ಟಿ ಚಾಕರಿ ವಸೂಲು ಮಾಡಿದ ಪ್ರಭುಗಳು ಇದನ್ನು ನೋಡಿ ಸುಮ್ನೆ ಕೂರುತ್ತಾರಾ? ಪ್ಯಾರಿಸ್ ಸುತ್ತ ಸೈನ್ಯ ಜಮಾಯಿಸಿದ ಸುದ್ದಿ ಬೇರೆ ಬಂದಿತ್ತು, ಅದಂತೂ ನಿಜವೇ. ಇಷ್ಟೆಲ್ಲ ತಲೆಯಲ್ಲಿದ್ದಾಗ ದೂರದಲ್ಲಿ ಧೂಳೆದ್ದರೆ ಏನು ಅನಿಸುತ್ತದೆ?

ತರಗತಿ ಗಪ್‌ಚಿಪ್. ಆಮೇಲೆ ಮುಂದಿನ ಕಥೆ ಹೇಳಿದರು. ಆಯುಧ ಹಿಡಿದು ನಿಂತವರಲ್ಲಿ ಅನೇಕರು ಪ್ರಭುಗಳ ಬಂಗಲೆಗಳ ಕಡೆ ತಿರುಗಿದರು. ಎಷ್ಟೋ ಕಡೆ ಅವರು ಮೊದಲು ಕೇಳಿದ್ದು ಕಾಗದಪತ್ರ. ತಾವು ಕೊಡಬೇಕಾದ ಸಲ್ಲಿಕೆಗಳನ್ನು ಬರೆದಿಟ್ಟ ದಫ್ತರಗಳನ್ನು ಹುಡುಕಿ ತೆಗೆಸಿ ಸುಟ್ಟರು. ಆಗಸ್ಟ್ 4ರ ರಾತ್ರಿ ರಾಷ್ಟ್ರೀಯ ಸಭೆ ಊಳಿಗಮಾನ್ಯ ಹಕ್ಕುಗಳನ್ನು ರದ್ದು ಮಾಡುವ ತೀರ್ಮಾನಕ್ಕೆ ಬಂತು. ಸುದ್ದಿ ಸುಳ್ಳು, ಆದರೆ ಜನ ಎಲ್ಲಿ ಹೊಡೆಯಬೇಕೋ ಅಲ್ಲಿಗೇ ಹೊಡೆದಿದ್ದರು. ಹುಚ್ಚು ಹಿಡಿದವರು ದಫ್ತರ ಹುಡುಕುವುದಿಲ್ಲ.

ಅಲ್ಲಿಂದ ನಮಗೆ ಮೂರು ಪ್ರಶ್ನೆ ಕೇಳುವ ಅಭ್ಯಾಸವಾಯಿತು. ಅವರಿಗೆ ಆಗ ಏನು ಗೊತ್ತಿತ್ತು? ಹಿಂದೆ ಆಗಿದ್ದರಲ್ಲಿ ಯಾವುದು ನೆನಪಿತ್ತು? ಯಾರ ಮಾತನ್ನು ನಂಬುತ್ತಿದ್ದರು? ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಧಾನ್ಯ ಗಲಭೆಗಳನ್ನೂ ಹೀಗೇ ಓದಿದೆವು. ಅಲ್ಲಿನ ಜನ ಎಷ್ಟೋ ಬಾರಿ ವ್ಯಾಪಾರಿಯ ಧಾನ್ಯ ಹಿಡಿದು, ತಮಗೆ ನ್ಯಾಯ ಎನಿಸಿದ ಬೆಲೆಗೆ ಮಾರಿ, ಬಂದ ಹಣವನ್ನು ಅವನಿಗೇ ಕೊಡುತ್ತಿದ್ದರಂತೆ. ಧಾನ್ಯ ಬಹಿರಂಗವಾಗಿ ಪೇಟೆಯಲ್ಲೇ ಮಾರಬೇಕು, ಮೊದಲು ಬಡವರು ಕೊಳ್ಳಬೇಕು ಎಂಬ ಹಳೆಯ ಕಟ್ಟಳೆ ಅವರಿಗೆ ನೆನಪಿತ್ತು. ಸರ್ಕಾರ ಮರೆತಿದ್ದ ಕಟ್ಟಳೆಯನ್ನು ಗುಂಪು ಜಾರಿ ಮಾಡಿತು. ದಾಖಲೆ ನೋಡದೆ ಬರೆದಿದ್ದರೆ ನಾವೂ ಅದನ್ನು ಲೂಟಿ ಎಂದೇ ಕರೆಯುತ್ತಿದ್ದೆವು.

ಸುದ್ದಿಮನೆಗೆ ಬಂದ ಮೇಲೆ ಗಾಳಿಸುದ್ದಿಗಳು ನನ್ನ ಕೆಲಸದ ಭಾಗವೇ ಆದವು. ಯಾವುದಾದರೂ ಸುಳ್ಳು ಹಬ್ಬಿದಾಗ ಇಲ್ಲಿ ಎಲ್ಲರೂ ಮೊದಲು ಕೇಳುವುದು ‘ಇದನ್ನು ಹಬ್ಬಿಸಿದವರು ಯಾರು?’ ಎಂದು. ಕೇಳಬೇಕಾದ ಪ್ರಶ್ನೆಯೇ. ಆದರೆ ‘ಇದನ್ನೇ ಯಾಕೆ ನಂಬಿದರು?’ ಎಂದು ಕೇಳುವವರು ಕಡಿಮೆ. ಇದರ ಬಗ್ಗೆ ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ 1921ರಲ್ಲಿ ಬರೆದದ್ದನ್ನು ಓದುವಂತೆ ಮೇಡಂ ಹೇಳಿದ್ದರು. ಬ್ಲಾಕ್ ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದವರು. 1917ರಲ್ಲಿ ಅವರ ದಳ ಒಬ್ಬ ಜರ್ಮನ್ ಸೈನಿಕನನ್ನು ಸೆರೆ ಹಿಡಿಯಿತು. ಅವನು ಬ್ರೆಮೆನ್ ನಗರದವನು. ಸ್ವಲ್ಪ ಹೊತ್ತಿನಲ್ಲಿ ಸೈನಿಕರ ಬಾಯಲ್ಲಿ ಕಥೆ ಬೇರೆಯಾಯಿತು. ಅವನು ಹತ್ತಿರದ ಬ್ರೇನ್ ಎಂಬ ಫ್ರೆಂಚ್ ಊರಿನಲ್ಲಿ ಯುದ್ಧಕ್ಕೆ ಮುಂಚಿನಿಂದಲೂ ವ್ಯಾಪಾರಿಯಾಗಿ ಕೂತಿದ್ದ ಗೂಢಚಾರ ಎಂದು. ಇದು ಕಿವಿಯ ತಪ್ಪು ಅಷ್ಟೇ ಎಂದು ಬ್ಲಾಕ್ ಬಿಟ್ಟುಬಿಡಲಿಲ್ಲ. ಎಲ್ಲರ ಕಿವಿಯೂ ಒಂದೇ ದಿಕ್ಕಿಗೆ ತಪ್ಪಿದ್ದು ಯಾಕೆ? ಶತ್ರುವಿನ ಗೂಢಚಾರರು ಎಲ್ಲೆಲ್ಲೂ ಇದ್ದಾರೆ ಎಂಬ ನಂಬಿಕೆ ಆ ಸೈನಿಕರಲ್ಲಿ ಮೊದಲೇ ಇತ್ತು. ಒಂದು ಸಮಾಜ ಮೊದಲೇ ನಂಬಲು ತಯಾರಾಗಿರುವುದೇ ಸುಳ್ಳುಸುದ್ದಿಯಾಗಿ ಹೊರಗೆ ಬರುತ್ತದೆ ಎಂಬುದು ಅವರ ವಾದ. ನಾಜಿಗಳ ವಿರುದ್ಧದ ಭೂಗತ ಹೋರಾಟಕ್ಕೆ ಸೇರಿದ್ದ ಬ್ಲಾಕ್ ಅವರನ್ನು 1944ರ ಜೂನ್‌ನಲ್ಲಿ ಜರ್ಮನರು ಗುಂಡಿಟ್ಟು ಕೊಂದರು. ಸುಳ್ಳು ನಂಬಿಕೆಗಳು ಎಲ್ಲಿಗೆ ಮುಟ್ಟುತ್ತವೆ ಎಂಬುದನ್ನು ಅವರಷ್ಟು ಹತ್ತಿರದಿಂದ ನೋಡಿದವರು ಕಡಿಮೆ.

ಇನ್ನೊಂದು ವಿಷಯದಲ್ಲೂ ಮೇಡಂ ಬಹಳ ಕಟ್ಟುನಿಟ್ಟು. ‘ಇದು ಥೇಟ್ ಅದರ ಹಾಗೇ’ ಎಂದು ಯಾರಾದರೂ ಇಂದಿನ ಘಟನೆಯನ್ನು ಹಿಂದಿನದಕ್ಕೆ ಹೋಲಿಸಿದರೆ ಹಾಳೆಯ ನಡುವೆ ಗೆರೆ ಎಳೆಸುತ್ತಿದ್ದರು. ಒಂದು ಕಡೆ ಹೋಲುವುದು, ಇನ್ನೊಂದು ಕಡೆ ಹೋಲದ್ದು. ಎರಡನೇ ಕಡೆ ಖಾಲಿ ಇದ್ದರೆ ಹಾಳೆ ವಾಪಸ್. ಹಾರ್ವರ್ಡಿನಲ್ಲಿ ಅರ್ನೆಸ್ಟ್ ಮೇ ಮತ್ತು ರಿಚರ್ಡ್ ನ್ಯೂಸ್ಟಾಟ್ ಎಂಬಿಬ್ಬರು ಪ್ರಾಧ್ಯಾಪಕರು ಆಡಳಿತಗಾರರಿಗೆ ಹೀಗೆಯೇ ಹೇಳಿಕೊಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಈ ಅಭ್ಯಾಸ ಎಷ್ಟು ಮುಖ್ಯ ಎಂಬುದಕ್ಕೆ 1962ರ ಅಕ್ಟೋಬರ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ಕಂಡಾಗ ಅಮೆರಿಕದ ಅಧ್ಯಕ್ಷ ಕೆನಡಿಯವರ ಮುಂದೆ ಮೂರು ಬೇರೆ ಬೇರೆ ಹಳೆಯ ಕಥೆಗಳಿದ್ದವು. ವಾಯುಪಡೆಯ ಮುಖ್ಯಸ್ಥ ಕರ್ಟಿಸ್ ಲಮೇ, ಬ್ರಿಟನ್ ಮತ್ತು ಫ್ರಾನ್ಸ್ ಹಿಟ್ಲರನಿಗೆ ಮಣಿದ 1938ರ ಮ್ಯೂನಿಕ್ ಒಪ್ಪಂದವನ್ನು ಎತ್ತಿದರು. ಮಣಿದರೆ ಮುಂದೆ ಇನ್ನೂ ದೊಡ್ಡ ಯುದ್ಧ ಬರುತ್ತದೆ, ಈಗಲೇ ಹೊಡೆಯಿರಿ ಎಂಬುದು ಅದರ ಅರ್ಥ. ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿಗೆ ನೆನಪಾದದ್ದು 1941ರಲ್ಲಿ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಜಪಾನ್ ಮಾಡಿದ ದಿಢೀರ್ ದಾಳಿ. ಹೇಳದೆ ಕೇಳದೆ ಸಣ್ಣ ದೇಶದ ಮೇಲೆ ಬಾಂಬ್ ಹಾಕಿದರೆ ನಾವೂ ಅದನ್ನೇ ಮಾಡಿದಂತೆ ಅಲ್ಲವೇ ಎಂಬ ಅಳುಕು ಅವರದು. ಅಧ್ಯಕ್ಷರು ಮೊದಲ ಮಹಾಯುದ್ಧ ಶುರುವಾದ 1914ರ ಆಗಸ್ಟ್ ಬಗ್ಗೆ ಆ ವರ್ಷವೇ ಬಂದಿದ್ದ ಒಂದು ಪುಸ್ತಕವನ್ನು ಓದಿದ್ದರು. ಯಾರಿಗೂ ಬೇಡದ ಯುದ್ಧಕ್ಕೆ ಎಲ್ಲರೂ ಜಾರಿದ್ದು ಹೇಗೆ ಎಂಬುದು ಅವರ ತಲೆಯಲ್ಲಿತ್ತು. ಕ್ಷಿಪಣಿಗಳು ಅವೇ, ಫೋಟೋಗಳು ಅವೇ. ಆದರೆ ಯಾವ ನೆನಪನ್ನು ಹಿಡಿಯುತ್ತಾರೋ ಅದರ ಮೇಲೆ ನಿರ್ಧಾರ ಬದಲಾಗುತ್ತದೆ. ಕೊನೆಗೆ ದಾಳಿಯ ಬದಲು ಸಮುದ್ರದಲ್ಲಿ ತಡೆ ಹಾಕಿದರು. ಕ್ಯೂಬಾದ ಮೇಲೆ ದಂಡೆತ್ತುವುದಿಲ್ಲ ಎಂದು ಮಾತು ಕೊಟ್ಟರು. ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯಲು ಗುಟ್ಟಾಗಿ ಒಪ್ಪಿದರು.

ಹಿಟ್ಲರನ ಬಗ್ಗೆಯೂ ಇದನ್ನೇ ಹೇಳಬೇಕು. ದುಡ್ಡಿಗೆ ಬೆಲೆ ಇಲ್ಲದಂತಾಗಿ ಜರ್ಮನರು ಅವನಿಗೆ ಓಟು ಹಾಕಿದರು ಎಂದು ಇಂದಿಗೂ ಬರೆಯುತ್ತಾರೆ. ಜರ್ಮನಿಯ ಹಣದುಬ್ಬರ ತುದಿ ಮುಟ್ಟಿದ್ದು 1923ರ ನವೆಂಬರ್‌ನಲ್ಲಿ. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ. 2.6 ಮತ. ಅದು ಶೇ. 18.3ಕ್ಕೆ ಏರಿದ್ದು 1930ರಲ್ಲಿ, ಶೇ. 37.3ಕ್ಕೆ ಮುಟ್ಟಿದ್ದು 1932ರ ಜುಲೈನಲ್ಲಿ. ಆಗ ಅಲ್ಲಿದ್ದದ್ದು ಹಣದುಬ್ಬರವಲ್ಲ. ಬೆಲೆಗಳು ಇಳಿಯುತ್ತಿದ್ದವು, ಸರ್ಕಾರ ಖರ್ಚು ಕಡಿತ ಮಾಡುತ್ತಿತ್ತು, 1932ರ ಆರಂಭದಲ್ಲಿ ಅರವತ್ತು ಲಕ್ಷ ಜನ ನಿರುದ್ಯೋಗಿಗಳಾಗಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ನಾಜಿಗಳ ಮತ ಶೇ. 33.1ಕ್ಕೆ ಇಳಿಯಿತು. ಹಾಗಿದ್ದೂ 1933ರ ಜನವರಿ 30ರಂದು ಅವನು ಚಾನ್ಸಲರ್ ಆದ. ಅವನನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದುಕೊಂಡ ಕೆಲವೇ ರಾಜಕಾರಣಿಗಳು ಅವನನ್ನು ಅಲ್ಲಿ ಕೂರಿಸಿದರು. ತಪ್ಪು ಕಾರಣ ಹಿಡಿದವರು ತಪ್ಪು ಪಾಠ ಕಲಿಯುತ್ತಾರೆ. ಇದು ಸುಮ್ನೆ ಇಸವಿಗಳ ಜಗಳ ಅಲ್ಲ.

ನಮ್ಮ ತರಗತಿಯಲ್ಲಿ ಅತಿ ಬಿಸಿ ಚರ್ಚೆ ಆದದ್ದು ಈಗ ಫ್ರಾನ್ಸಿನಲ್ಲಿರುವ ಸ್ಟ್ರಾಸ್‌ಬರ್ಗ್ ನಗರದ ಬಗ್ಗೆ. 1348ರಲ್ಲಿ ಯುರೋಪಿನಲ್ಲಿ ಪ್ಲೇಗ್ ಹಬ್ಬುತ್ತಿದ್ದಾಗ ಯಹೂದಿಗಳು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಮಾತು ಎದ್ದಿತು. ಚಿತ್ರಹಿಂಸೆ ಕೊಟ್ಟು ಪಡೆದ ತಪ್ಪೊಪ್ಪಿಗೆಗಳ ಪ್ರತಿಗಳು ಊರಿಂದೂರಿಗೆ ಹೋದವು. ಪೋಪ್ ಆರನೇ ಕ್ಲೆಮೆಂಟ್ ಇದನ್ನು ಅಲ್ಲಗಳೆದರು. ಯಹೂದಿಗಳೂ ಸಾಯುತ್ತಿದ್ದಾರೆ, ಯಹೂದಿಗಳೇ ಇಲ್ಲದ ಕಡೆಯೂ ರೋಗ ಇದೆ ಎಂದು ತೋರಿಸಿದರು. ಸ್ಟ್ರಾಸ್‌ಬರ್ಗ್‌ನ ನಗರಸಭೆಯೂ ಯಹೂದಿಗಳನ್ನು ಕಾಪಾಡಲು ನೋಡಿತು. 1349ರ ಫೆಬ್ರವರಿಯಲ್ಲಿ ಕಸುಬುದಾರರ ಸಂಘಗಳು ಆ ಸಭೆಯನ್ನು ಕಿತ್ತುಹಾಕಿದವು. ಫೆಬ್ರವರಿ 14ರಂದು ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಆಗ ಆ ಊರಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ. ಯಹೂದಿಗಳಿಗೆ ಕೊಡಬೇಕಿದ್ದ ಸಾಲಗಳು ರದ್ದಾದವು. ಅವರ ಹಣವನ್ನು ಹಂಚಿಕೊಂಡರು.

ಒಬ್ಬ ಹುಡುಗಿ ಎದ್ದು ನಿಂತು, ‘ಮೇಡಂ, ಹೀಗೆ ಕಾರಣ ಹುಡುಕುತ್ತಾ ಹೋದರೆ ಕೊಂದವರನ್ನು ಸಮರ್ಥಿಸಿದಂತೆ ಆಗಲ್ವಾ?’ ಎಂದಳು. ನಮ್ಮೆಲ್ಲರ ಮನಸ್ಸಿನಲ್ಲೂ ಅದೇ ಇತ್ತು. ಮೇಡಂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ‘ಹುಚ್ಚು ಹಿಡಿದಿತ್ತು ಅಂದ್ರೆ ಅವರನ್ನು ಬಿಟ್ಟುಬಿಟ್ಟ ಹಾಗೆ. ಹುಚ್ಚರಿಗೆ ಶಿಕ್ಷೆ ಇಲ್ಲ. ಅಧಿಕಾರ ಯಾರಿಗೆ ಬೇಕಿತ್ತು, ಸಾಲ ಯಾರಿಗೆ ತೀರಿತು, ಬೇಡ ಅಂದವರನ್ನು ಯಾರು ಇಳಿಸಿದರು, ಇದನ್ನೆಲ್ಲ ಕೇಳಿದಾಗಲೇ ಹೊಣೆ ಯಾರದು ಅಂತ ಗೊತ್ತಾಗೋದು.’ ನನಗೆ ಈ ಕಾಲೇಜು ಕೊಟ್ಟ ಅತಿ ದೊಡ್ಡ ಪಾಠ ಅದು ಎಂದು ಇಂದಿಗೂ ನಂಬಿದ್ದೇನೆ. ಗಲಭೆಯ ವರದಿ ಬರೆಯುವಾಗ ‘ಉದ್ರಿಕ್ತ ಗುಂಪು’ ಎಂಬ ಮಾತು ನನ್ನ ಕೈಯಲ್ಲಿ ಸಲೀಸಾಗಿ ಬರುವುದಿಲ್ಲ. ಗುಂಪಿನಲ್ಲಿ ಯಾರಿದ್ದರು, ಯಾರು ಇರಲಿಲ್ಲ, ಆ ದಿನಕ್ಕೆ ಮುಂಚೆ ಏನಾಗಿತ್ತು ಎಂದು ಕೇಳಬೇಕೆನಿಸುತ್ತದೆ.

ಮೇಡಂ ನಿವೃತ್ತರಾದ ಮೇಲೆ ನಾನು ಅವರಿಗೆ ಒಂದು ಅಧ್ಯಯನ ಕಳಿಸಿದೆ. ನಿಕೊ ಫೊಯ್ಕ್‌ಟ್‌ಲೆಂಡರ್ ಮತ್ತು ಹಾನ್ಸ್ ಯೋಆಹಿಮ್ ಫೋಟ್ ಎಂಬ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ್ದು. ಪ್ಲೇಗಿನ ಕಾಲದಲ್ಲಿ ಯಹೂದಿಗಳನ್ನು ಕೊಂದ ಜರ್ಮನ್ ಊರುಗಳಲ್ಲಿ, ಸುಮಾರು ಆರು ಶತಮಾನಗಳ ನಂತರ 1920ರ ದಶಕದಲ್ಲೂ ಯಹೂದಿ ದ್ವೇಷ ಬೇರೆ ಊರುಗಳಿಗಿಂತ ಜಾಸ್ತಿ ಇತ್ತು ಎಂದು ಅವರು ತೋರಿಸಿದರು. 1928ರಲ್ಲಿ ನಾಜಿಗಳಿಗೆ ಬಿದ್ದ ಮತದಲ್ಲೂ ಅದು ಕಾಣುತ್ತದೆ. ಓದಿ ನನಗೆ ಎದೆ ಭಾರವಾಗಿತ್ತು. ದ್ವೇಷ ಇಷ್ಟು ಉದ್ದ ಬಾಳುವುದಾದರೆ ತಿಳಿದುಕೊಂಡು ಏನು ಪ್ರಯೋಜನ?

ಮೇಡಂ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ‘ಆ ಲೇಖನದ ಎರಡನೇ ಅರ್ಧ ಓದು.’ ಅಲ್ಲಿ ದ್ವೇಷ ಮುಂದುವರಿಯದ ಊರುಗಳೂ ಇದ್ದವು. ದೂರದ ವ್ಯಾಪಾರ ನಡೆಸುತ್ತಿದ್ದ ಹಾನ್ಸಾ ಕೂಟದ ನಗರಗಳಲ್ಲಿ, ಹೊರಗಿನಿಂದ ಜನ ಬಂದು ವೇಗವಾಗಿ ಬೆಳೆದ ಕೈಗಾರಿಕಾ ಊರುಗಳಲ್ಲಿ ಆ ಹಳೆಯ ನಂಟು ಸಡಿಲವಾಗಿತ್ತು. ದ್ವೇಷ ಎಲ್ಲಿ ಉಳಿಯಿತು ಎಂಬುದರಷ್ಟೇ ಎಲ್ಲಿ ಕಡಿಯಿತು ಎಂಬುದೂ ಇತಿಹಾಸವೇ, ಅಲ್ವಾ?

ಈಗ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಕೆಲಸ ಹೇಳುತ್ತೇನೆ. ಗ್ರಂಥಾಲಯದಲ್ಲಿ ಈ ಪತ್ರಿಕೆಯ ಹಳೆಯ ಸಂಚಿಕೆಗಳಿರುತ್ತವೆ. ನೀವು ಹುಟ್ಟುವ ಮುಂಚಿನದೊಂದನ್ನು ತೆಗೆದುಕೊಳ್ಳಿ. ಅದರಲ್ಲಿ ಬರೆದವರು ಯಾವುದಕ್ಕೆ ಹೆದರಿದ್ದರು, ಯಾರನ್ನು ನಂಬಿದ್ದರು, ಯಾವ ವಿಷಯವನ್ನು ಎತ್ತಲೇ ಇಲ್ಲ ಎಂದು ನೋಡಿ. ಒಂದು ಹಾಳೆಯ ನಡುವೆ ಗೆರೆ ಎಳೆದು ನಿಮ್ಮ ಜೊತೆ ಹೋಲಿಸಿ. ನಗು ಬರುವಂಥ ಅಭಿಪ್ರಾಯ ಸಿಕ್ಕರೆ ಅಲ್ಲೇ ಜಾಸ್ತಿ ಹೊತ್ತು ನಿಲ್ಲಿ. ಆ ವರ್ಷದ ದಿನಪತ್ರಿಕೆಗಳನ್ನೂ ಪಕ್ಕದಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಮುಂದಿನ ಸಂಚಿಕೆಗೆ ಅದನ್ನೇ ಬರೆಯಿರಿ, ನಾನು ಓದುತ್ತೇನೆ.