ಕಾನ್‌ಸ್ಟೆಬಲ್ ಹೇಳಿದ ಕರೆಕ್ಷನ್ನು, ಲೂಕಸ್ ಪಟ್ಟ ಪಾಡು

ಸುಲ್ತಾನ್‌ಪೇಟೆಲಿ ಮದುವೆ ಕಾರ್ಡ್ ಡಿಸೈನ್ ಮಾಡಿ ಹೊಟ್ಟೆ ಹೊರೆಯೋ ನನಗೆ ಪ್ಲೇಟ್ ಕೆತ್ತಿ ಪ್ರಿಂಟ್ ತೆಗೀತಿದ್ದ ಡೇವಿಡ್ ಲೂಕಸ್ ಅಂದ್ರೆ ಸ್ವಲ್ಪ ಜಾಸ್ತೀನೇ ಅಯ್ಯೋ ಪಾಪ. ಹೊಲ, ಹೊಳೆ, ಮೋಡ ಬರೆದ ಇಂಗ್ಲೆಂಡಿನ ಪೇಂಟರ್ ಜಾನ್ ಕಾನ್‌ಸ್ಟೆಬಲ್ ಹೆಸರು ಚಿತ್ರಕಲಾ ಪರಿಷತ್ತಲ್ಲಿ ಓದಿದೋರಿಗೆಲ್ಲ ಗೊತ್ತು, ಆದ್ರೆ 1830ರಿಂದ 1832ರವರೆಗೆ ಕಂತಲ್ಲಿ ಬಂದ ಅವನ ಚಿತ್ರಗಳ ಪ್ರಿಂಟ್ ಸರಣಿ 'ಇಂಗ್ಲಿಷ್ ಲ್ಯಾಂಡ್‌ಸ್ಕೇಪ್' ಇದ್ಯಲ್ಲ, ಅದರ 22 ಪ್ರಿಂಟನ್ನೂ ಮೆಜೋಟಿಂಟ್ ಅನ್ನೋ ವಿಧಾನದಲ್ಲಿ ಕೂತು ಕೆತ್ತಿದ್ದು ಲೂಕಸ್.

ಮೆಜೋಟಿಂಟ್ ಅನ್ನೋದೇ ಉಲ್ಟಾ ಕೆಲಸ ಕಣ್ರೀ. ರಾಕರ್ ಅನ್ನೋ ಹಲ್ಲಿರೋ ಉಪಕರಣನ ಅತ್ಲಾಗೆ ಇತ್ಲಾಗೆ ಆಡಿಸಿ ಆಡಿಸಿ ಇಡೀ ಲೋಹದ ಪ್ಲೇಟು ತರಿತರಿ ಮಾಡ್ಬೇಕು, ಹಾಗೇ ಇಂಕ್ ಹಚ್ಚಿ ಒತ್ತಿದ್ರೆ ಬರೀ ಕಪ್ಪು. ಆಮೇಲೆ ಎಲ್ಲಿ ಬೆಳಕು ಬೇಕೋ ಅಲ್ಲಿ ಕೆರೆದು ಉಜ್ಜಬೇಕು, ನುಣ್ಣಗಾದಷ್ಟೂ ಬಿಳುಪು. ಮಳೆ ಕವಿದ ಆಕಾಶಕ್ಕೆ ಹೇಳಿ ಮಾಡಿಸಿದ ಟೆಕ್ನಿಕ್. 'ಸ್ಪ್ರಿಂಗ್' ಪ್ಲೇಟಲ್ಲಿ ಗಾಳಿಗಿರಣಿ ಹಿಂದೆ ಮೋಡ ಓಡ್ತಿರೋದು ನೋಡಿ, ಆ ಗಿರಣೀಲಿ ಕಾನ್‌ಸ್ಟೆಬಲ್ ಚಿಕ್ಕೋನಿದ್ದಾಗ ಕೆಲಸ ಮಾಡಿದ್ದ, ಗಾಳಿ ಮೋಡ ನೋಡೋದು ಅಲ್ಲೇ ಕಲ್ತಿದ್ದು.

ಪ್ರಾಬ್ಲಂ ಏನಂದ್ರೆ ಈ ಪುಣ್ಯಾತ್ಮ ಕಾನ್‌ಸ್ಟೆಬಲ್ ಯಾವ ಪ್ರೂಫ್ (ಟ್ರಯಲ್ ಪ್ರಿಂಟ್) ಬಂದ್ರೂ ಅದರ ಮೇಲೆ ಬಿಳಿ ಬಣ್ಣ, ಕಪ್ಪು ಬಣ್ಣ ತೀಡಿ ವಾಪಸ್ ಕಳಿಸೋನು. ಬಿಳಿ ಮಾಡು ಅಂದ್ರೆ ಪರವಾಗಿಲ್ಲ, ಇನ್ನೊಂಚೂರು ಕೆರೆದ್ರಾಯ್ತು. ಕೆರೆದಿರೋ ಜಾಗ ಮತ್ತೆ ಕಪ್ಪು ಮಾಡು ಅಂದ್ರೆ? ಅಷ್ಟು ಜಾಗಕ್ಕೆ ಹೊಸದಾಗಿ ತರಿ ಎಬ್ಬಿಸ್ಬೇಕು, ಅದೂ ತಾಮ್ರ ಅಲ್ಲ, ಸ್ಟೀಲ್ ಪ್ಲೇಟು, ಕಂಟ್ರೋಲ್ ಝಡ್ ಎಲ್ಲಿಂದ ಬರ್ಬೇಕು! 'ಓಲ್ಡ್ ಸೇರಮ್' ಅನ್ನೋ ಚಿತ್ರನಂತೂ ಇನ್ನೊಂದು ಪ್ಲೇಟಲ್ಲಿ ಮೊದ್ಲಿಂದ ಕೆತ್ತಬೇಕಾಯ್ತು. ನಮ್ಮ ಕಸ್ಟಮರ್ 'ಗಣೇಶನ್ನ ಸ್ವಲ್ಪ ಎಡಕ್ಕೆ ಹಾಕಿ' ಅಂದಾಗ ನಾನು ಈಗ ತೆಪ್ಪಗೆ ಹಾಕ್ತೀನಿ.

ಇಷ್ಟೆಲ್ಲ ಮಾಡಿ ಸೇಲ್ ಆಯ್ತಾ, ಇಲ್ಲ. ಕಾನ್‌ಸ್ಟೆಬಲ್ ಕೈಯಿಂದ ಹಾಕಿದ ದುಡ್ಡು ಹೋಯ್ತು, ಬೇಜಾರಾದಾಗೆಲ್ಲ ಲೂಕಸ್‌ಗೆ ಕಾಗದ ಬರೆದು ಗೋಳಾಡ್ಕೊಂಡ. 1837ರಲ್ಲಿ ಕಾನ್‌ಸ್ಟೆಬಲ್ ತೀರ್ಕೊಂಡ. ಲೂಕಸ್ ಕುಡಿತಕ್ಕೆ ಬಿದ್ದು 1881ರಲ್ಲಿ ಫುಲ್‌ಹ್ಯಾಮ್‌ನ ಅನಾಥಾಲಯದಂಥ ವರ್ಕ್‌ಹೌಸಲ್ಲಿ ಸತ್ತ.

ಆದ್ರೂ ಒಂದು ಮಾತು, ಆ ಕಿರಿಕಿರಿ ಇಲ್ದೇ ಇದ್ರೆ ಈ ಕಪ್ಪು ಇಷ್ಟು ಜೀವಂತವಾಗಿ ಬರ್ತಿರ್ಲಿಲ್ಲ ಅನ್ಸುತ್ತೆ. ಬ್ರಿಟಿಷ್ ಮ್ಯೂಸಿಯಂ ಸೈಟಲ್ಲಿ ಒಂದೇ ಪ್ಲೇಟಿನ ಬೇರೆಬೇರೆ ಪ್ರೂಫ್ ಸಿಗುತ್ತೆ, ಪಕ್ಕಪಕ್ಕ ಇಟ್ಟು ಝೂಮ್ ಮಾಡಿ, ಮೊದಲು ಆಕಾಶ ನೋಡಿ, ಮರ ಆಮೇಲೆ.